ಲಚ್ಚಿಯ ಕಿವಿಗೆ ಸಿಗುವ ಟವರು

ನೇಪಾಳಕ್ಕೆ ಹೋಗುವ ಮೊದಲು ನಮ್ಮ ಮನೆಯವರು ಹಸುವಿನ ಒಪ್ಪಿಗೆ ಕೇಳಿದರು. ನನ್ನನ್ನು ಕೇಳಲಿಲ್ಲ. ಮುನಿಸಿಕೊಂಡು ಹೇಳುತ್ತಿಲ್ಲ, ನಡೆದದ್ದನ್ನು ಹೇಳುತ್ತಿದ್ದೇನೆ. ಹಸು ತಲೆ ಆಡಿಸಿತು. ನೊಣ ಓಡಿಸಲು ಆಡಿಸಿತು ಅಂತ ನನಗೆ ಕಂಡಿತು. ಒಪ್ಪಿಕೊಂಡಿತು ಅಂತ ಇವರಿಗೆ ಕಂಡಿತು.

ಇವರ ಹೆಸರು ಹೇಳುವುದಿಲ್ಲ. ಗಂಡನ ಹೆಸರು ಬಾಯಲ್ಲಿ ಬಂದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಅಂತ ನಮ್ಮವ್ವ ಹೇಳಿಕೊಟ್ಟಿದ್ದಳು. ಸುಳ್ಳೇ ಇರಬಹುದು. ಆದರೆ ಇಷ್ಟು ವರ್ಷ ಕಾಪಾಡಿಕೊಂಡು ಬಂದು ಈಗ ಪರೀಕ್ಷೆ ಮಾಡಿ ನೋಡುವುದೇಕೆ? ಅರಕೆರೆಗೆ ಬಂದು 'ಹಸುವಿನ ಜೊತೆ ಮಾತಾಡುವ ಯಜಮಾನರು' ಅಂತ ಕೇಳಿ, ಬಸ್ಸು ಇಳಿದ ಜಾಗದಿಂದಲೇ ಯಾರಾದರೂ ಮನೆ ತೋರಿಸುತ್ತಾರೆ.

ಈ ಮಾತಾಡುವ ಕಥೆ ಮೊದಲು ಹೇಳಬೇಕು. ನಾನು ಮದುವೆಯಾಗಿ ಬಂದ ಕಾಲದಲ್ಲಿ ಅತ್ತೆ ಮಾವಂದಿರ ಎದುರಿಗೆ ಗಂಡ ಹೆಂಡತಿ ಮಾತಾಡಿದರೆ ಮರ್ಯಾದೆಗೆಟ್ಟವರು ಅನ್ನುತ್ತಿದ್ದರು. ನಮ್ಮತ್ತೆಯ ಕಿವಿಯೋ, ಹಿತ್ತಲಲ್ಲಿ ತೆಂಗಿನ ಹೀಚು ಉದುರಿದರೂ ನಡುಮನೆಯಲ್ಲಿ ಕುಳಿತು ಯಾವ ಮರದ್ದು ಅಂತ ಹೇಳುವ ಕಿವಿ. ಉಳಿದದ್ದು ಕೊಟ್ಟಿಗೆ ಒಂದೇ. ನಾನು ಹಾಲು ಕರೆಯಲು ಕೂತರೆ ಇವರು ಬಂದು ಹಸುವಿನ ತಲೆಯ ಹತ್ತಿರ ನಿಂತು, ಕೊರಳ ಕೆಳಗಿನ ಗಂಗೆದೊಗಲು ಕೆರೆಯುತ್ತಾ ಹಸುವಿಗೆ ಹೇಳುತ್ತಿದ್ದರು. "ನಾಳೆ ಪಟ್ಣಕ್ಕೆ ಓಯ್ತೀನಿ ಕಣೆ, ಏನಾರ ಬೇಕಾ?" ಅಂತ. ನಾನು ಕೆಚ್ಚಲ ಕಡೆ ಮುಖ ಮಾಡಿ, "ಬಳೆ ಒಡದೋಗವೆ" ಅಂತಿದ್ದೆ. ಮಾರನೆಯ ದಿನ ಬಳೆ ಬರುತ್ತಿತ್ತು. ಬಳೆ ಹಸುವಿಗಲ್ಲ ಅನ್ನುವುದು ಅತ್ತೆಗೆ ತಿಳಿಯಲಿಲ್ಲವೋ, ತಿಳಿದೂ ಸುಮ್ಮನಿದ್ದರೋ. "ನನ್ ಮಗಂಗೆ ದನ ಅಂದ್ರೆ ಪ್ರಾಣ ಕಣವ್ವ" ಅಂತ ಊರವರ ಮುಂದೆ ಹೊಗಳುತ್ತಿದ್ದರು. ನಾನು ಬಸುರಿ ಅನ್ನುವ ಸುದ್ದಿಯನ್ನೂ ಮೊದಲು ಕೇಳಿದ್ದು ಹಸುವೇ. ಇವರು ಅದರ ಕೊರಳು ತಬ್ಬಿ ನಿಂತುಬಿಟ್ಟಿದ್ದರು. ಪಾಪದ ಹಸು, ಅದೇನು ಮಾಡಿತ್ತು?

ಅತ್ತೆ ಮಾವ ಹೋದರು. ಹಸುಗಳೂ ಒಂದಾದ ಮೇಲೊಂದು ಬಂದು ಹೋದವು. ಸೊಸೆ ಬಂದಳು, ಮೊಮ್ಮಗಳು ಬಂದಳು, ಈಗ ಗಂಡ ಹೆಂಡತಿ ಮಾತಾಡಬಾರದು ಅನ್ನುವವರು ಯಾರೂ ಇಲ್ಲ. ಇವರ ಅಭ್ಯಾಸ ಮಾತ್ರ ಬಿಡಲಿಲ್ಲ. ಊಟಕ್ಕೆ ಕುಳಿತರೆ 'ಸಾರು', 'ಸಾಕು', ಎರಡೇ ಮಾತು. ಕೊಟ್ಟಿಗೆಗೆ ಬಂದರೆ ಕಾಲುವೆ ನೀರಿನಿಂದ ಹಿಡಿದು ಮಗಳ ಮನೆಯ ಜಗಳದವರೆಗೆ ಎಲ್ಲವೂ. ಈಗಿರುವುದು ಲಚ್ಚಿ. ಕಪ್ಪು ಬಿಳುಪಿನ ಸೀಮೆ ಹಸು, ಸ್ವಲ್ಪ ಅಹಂಕಾರಿ. ಇವರ ದನಿ ಕೇಳಿದರೆ ಮಾತ್ರ ಹಾಲು ಬಿಡುತ್ತದೆ ಅನ್ನುವುದು ಇವರ ನಂಬಿಕೆ. ಅದಕ್ಕೊಂದು ಸಾಕ್ಷಿಯೂ ಇತ್ತು. ಒಮ್ಮೆ ಇವರು ನಾಗಮಂಗಲದ ಕಡೆ ಮದುವೆಗೆ ಹೋಗಿ ಅಲ್ಲೇ ಉಳಿದಾಗ ಲಚ್ಚಿ ಒದ್ದು ಬಕೆಟ್ಟು ಉರುಳಿಸಿ ಒಂದು ತೊಟ್ಟೂ ಕೊಡದೆ ನಿಂತಿತ್ತು. ಆವತ್ತು ನನ್ನನ್ನು ಮದುವೆಗೆ ಕರೆದುಕೊಂಡು ಹೋಗಲಿಲ್ಲ ಅಂತ ನನ್ನ ಕೈಯೂ ಸ್ವಲ್ಪ ಬಿರುಸಾಗಿತ್ತು ಅನ್ನಿ. ಅದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೀಗಿರುವಾಗ ನಮ್ಮೂರ ಭಜನೆ ಮೇಳದವರು ನೇಪಾಳದ ಮುಕ್ತಿನಾಥಕ್ಕೆ ಯಾತ್ರೆ ಹೊರಟರು. ಇವರಿಗೆ ಚಿಕ್ಕಂದಿನಿಂದ ಒಂದೇ ಆಸೆ, ಹಿಮದ ಬೆಟ್ಟ ನೋಡಬೇಕು. ಅದು ಹಿಮವಲ್ಲ, ಬಿಳಿ ಕಲ್ಲು, ದೂರದಿಂದ ಸುಣ್ಣ ಬಳಿದ ಹಾಗೆ ಕಾಣುತ್ತದೆ ಅಂತ ಅರಳಿಕಟ್ಟೆಯಲ್ಲಿ ವಾದ ಮಾಡಿ ಮಾಡಿ ಮುದುಕರಾದವರು. ಹೋಗಿ ಮುಟ್ಟಿ ನೋಡಿಯೇ ಬಿಡಬೇಕು. ಆದರೆ ಹಸು ಕಟ್ಟಿಕೊಂಡವರ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಊರು ಬಿಡುವ ಹಾಗಿಲ್ಲ. ಬೆಳಿಗ್ಗೆ ಸಂಜೆ ಡೈರಿಗೆ ಹಾಲು ಹೋಗಲೇಬೇಕು. ಸೊಸೆಗೆ ಹಾಲು ಕರೆಯಲು ಬರುವುದಿಲ್ಲ, ಮಗ ಪಟ್ಟಣದ ಕೆಲಸಕ್ಕೆ ಹೊತ್ತಿಗೆ ಮುಂಚೆ ಹೋಗುತ್ತಾನೆ. ನಾನು ಉಳಿಯಬೇಕು, ಇವರು ಹೋಗಬೇಕು. ಅದು ಸರಿ, ದನಿ?

"ಫೋನ್ ಮಾಡ್ತೀನಿ," ಅಂದರು. "ಕರಿಯೋ ಹೊತ್ಗೆ ಲಚ್ಚಿ ಕಿವಿಗೆ ಇಡೀರಿ. ಬೆಟ್ಟದ್ಮೇಲೂ ಟವರು ಸಿಕ್ಕೋ ಅಂತ ಸಿಮ್ಮು ಬೇಕು. ಸಿಕ್ನಿಲ್ಲ ಅಂದ್ರೆ ನಾನು ಓಗಾಕಿಲ್ಲ."

ಹಿಮ ನೋಡುವುದು ಬಿಡುವುದು ಒಂದು ಸಿಮ್ಮಿನ ಮೇಲೆ ನಿಂತಿತು.

ಮೊದಲು ಹಸು ಫೋನಿನಲ್ಲಿ ಬಂದ ದನಿಯನ್ನು ಒಪ್ಪುತ್ತದೆಯೇ ಅಂತ ನೋಡಬೇಕಲ್ಲ. ಇವರು ಹುಲ್ಲಿನ ಮೆದೆಯ ಹಿಂದೆ ಹೋಗಿ ಕುಳಿತು ಫೋನು ಮಾಡಿದರು. ಸೊಸೆ ಸ್ಪೀಕರ್ ಹಾಕಿ ಲಚ್ಚಿಯ ಕಿವಿಗೆ ಹಿಡಿದಳು. ಫೋನಿನಿಂದ "ಲೇ ಲಚ್ಚಿ" ಅಂತ ಬಂತು, ಮೆದೆಯ ಹಿಂದಿನಿಂದ ಅದಕ್ಕಿಂತ ಜೋರಾಗಿ "ಲೇ ಲಚ್ಚಿ" ಅಂತ ಬಂತು. ಲಚ್ಚಿ ಫೋನನ್ನು ಒಮ್ಮೆ ನೆಕ್ಕಿ ಮೆದೆಯ ಕಡೆ ತಿರುಗಿ ನಿಂತಿತು. ಹಾಲೇನೋ ಬಿಟ್ಟಿತು.

"ಗೆದ್ದೆ," ಅಂದರು ಇವರು.

"ಮಾವ, ನೀವ್ ಕೂಗಿದ್ದು ಪಾಂಡವಪುರಕ್ಕೂ ಕೇಳ್ಸಿರ್ತದೆ. ಫೋನ್ ಯಾಕ್ ಬೇಕಿತ್ತು?" ಅಂದಳು ಸೊಸೆ.

ಅದೂ ನಿಜವೇ. ಕೂಗಿದರೂ ಕೇಳದಷ್ಟು ದೂರ ಹೋಗಬೇಕು. ಆಗ ಇವರ ತಲೆಗೆ ಹೊಳೆದದ್ದು ನೋಡಿ. ಹೋಗುವುದು ಬೆಟ್ಟದ ದೇಶಕ್ಕೆ. ಹಾಗಾದರೆ ಸಿಮ್ಮನ್ನು ಪರೀಕ್ಷೆ ಮಾಡಬೇಕಾದ್ದೂ ಬೆಟ್ಟದ ಮೇಲೆಯೇ. ನಮ್ಮ ಸುತ್ತ ಬೆಟ್ಟಗಳಿಗೇನು ಬರವೇ?

ಊರಲ್ಲಿ ಕಂಡವರನ್ನೆಲ್ಲ ಯಾವ ಸಿಮ್ಮು ಒಳ್ಳೆಯದು ಅಂತ ಕೇಳಿದರು. ಕೇಳುವ ಮೊದಲು ಒಂದು ಪ್ರಶ್ನೆ. "ಅಸ ಕಟ್ಟಿದ್ದೀಯಾ?" ಕಟ್ಟಿಲ್ಲ ಅಂದವನ ಮಾತು ಲೆಕ್ಕಕ್ಕಿಲ್ಲ. ಹಸು ಕಟ್ಟಿದವನಿಗೆ ಮಾತ್ರ ಹೊತ್ತಿಗೆ ಸರಿಯಾಗಿ ಫೋನು ಸಿಗುವುದರ ಬೆಲೆ ಗೊತ್ತು ಅನ್ನುವುದು ಇವರ ವಾದ. ಕೊನೆಗೆ ಮೂರು ಸಿಮ್ಮು ಮನೆಗೆ ಬಂದವು. ಹೇಳಿದವರ ಲೆಕ್ಕದಲ್ಲಿ ಅವಕ್ಕೆ ಹೆಸರಿಟ್ಟರು. ಡೈರಿ ಸಿಮ್ಮು, ಬೀಗರ ಸಿಮ್ಮು, ಮೇಷ್ಟ್ರ ಸಿಮ್ಮು. ಮೇಷ್ಟ್ರು ಹಸು ಕಟ್ಟಿಲ್ಲ, ಎರಡು ಆಡು ಸಾಕಿದ್ದಾರೆ. ಅರ್ಧ ನಂಬಬಹುದು ಅಂದರು. ಸಿಮ್ಮು ಬದಲಾಯಿಸಲು ಫೋನಿನ ಪಕ್ಕದ ತೂತಿಗೆ ಚೂಪಾದದ್ದು ಏನಾದರೂ ಚುಚ್ಚಬೇಕಂತೆ. ನನ್ನ ತಾಳಿಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಕೊಟ್ಟೆ. ಅದು ಆಮೇಲೆ ಇವರ ಜೇಬು ಬಿಟ್ಟು ಬರಲಿಲ್ಲ. ಒಂದು ಸೀರೆಯ ಸೆರಗು ಸಿಕ್ಕಿಸಲು ಪಿನ್ನಿಲ್ಲದೆ ನಾನು ತಿಂಗಳುಗಟ್ಟಲೆ ಒದ್ದಾಡಿದೆ.

ಮೊದಲ ಬೆಟ್ಟ ಕರಿಘಟ್ಟ. ಡೈರಿ ಸಿಮ್ಮು. ಸಂಜೆ ಕರೆಯುವ ಹೊತ್ತಿಗೆ ಸರಿಯಾಗಿ ಫೋನು ಬಂತು. ದನಿ ಎಷ್ಟು ಚೆನ್ನಾಗಿ ಕೇಳಿಸಿತು ಅಂದರೆ ಹಿಂದೆ ಅರ್ಚಕರು ಮಂಗಳಾರತಿ ಹೊತ್ತು ಅಂತ ಗದರುವುದೂ ಕೇಳಿಸಿತು. ಇವರು ಕೆಳಗೆ ಲೋಕಪಾವನಿ ಹೊಳೆ ಕಾವೇರಿಗೆ ಸೇರುವುದನ್ನು ಲಚ್ಚಿಗೆ ವರ್ಣಿಸುತ್ತಿದ್ದರು. "ಸಣ್ಣದು ದೊಡ್ದುಕ್ ಸೇರ್ಕತಾ ಅದೆ ಕಣೆ, ಗಲಾಟೆನೇ ಇಲ್ಲ, ನಮ್ ಮನೆಗೆ ಸೊಸೆ ಬಂದಂಗೆ." ಫೋನು ಹಿಡಿದಿದ್ದ ಸೊಸೆ ನನ್ನ ಮುಖ ನೋಡಿದಳು. ನಾನು ಕೆಚ್ಚಲು ನೋಡಿಕೊಂಡೆ.

ಹಾಲು ಬಕೆಟ್ಟಿಗೆ ತುಂಬಿತು. ಅಲ್ಲಿಗೆ ಸಾಕಿತ್ತು. ಆದರೆ ಮಾರನೆಯ ದಿನ ಮೇಷ್ಟ್ರು, "ಕರಿಘಟ್ಟ ಬೆಟ್ಟವೇನಲ್ಲ, ಗುಡ್ಡ. ಬುಡದಲ್ಲೇ ಹೆದ್ದಾರಿ ಇದೆ, ಟವರು ಸಿಗದೆ ಏನು?" ಅಂದುಬಿಟ್ಟರು. ಆಡು ಸಾಕಿದವರ ಮಾತು, ಅರ್ಧ ನಂಬಬೇಕಲ್ಲ.

ಎರಡನೆಯದು ಪಾಂಡವಪುರದ ಕುಂತಿಬೆಟ್ಟ. ಮೇಷ್ಟ್ರ ಸಿಮ್ಮು. ಬಂಡೆಗಳ ನಡುವೆ ನಿಂತು ಮಾತಾಡುತ್ತಿದ್ದರೋ ಏನೋ, ದನಿ ಬಂದು ಹೋಗಿ ಬಂದು ಹೋಗಿ ಮಾಡುತ್ತಿತ್ತು. ಕಬ್ಬಿನ ಗದ್ದೆ ಮೇಲಿನಿಂದ ಹೀಗೆ ಕಾಣುತ್ತದೆ, ಹಾಗೆ ಕಾಣುತ್ತದೆ ಅಂತ ಹೇಳಿ, ಕೊನೆಗೆ "ಲಚ್ಚಿ, ಅವಳ್ಗೆ ಯೋಳು" ಅಂದರು.

ಕಟ್ಟಾಯಿತು.

ಏನು ಹೇಳಬೇಕು? ಲಚ್ಚಿ ನನ್ನ ಕಡೆ ತಿರುಗಿ ನೋಡಿತು. ನಾನು ಅದನ್ನು ನೋಡಿದೆ. ಸಂಜೆಯೆಲ್ಲ ಅದೇ ಯೋಚನೆ. ಇವರು ಬಸ್ಸಿಳಿದು ಬಂದು ಕಾಲು ತೊಳೆಯುವಾಗ ಕೇಳಿದೆ, "ಏನೋ ಯೋಳು ಅಂದ್ರಲ್ಲ, ಏನದು?"

"ಯಾರಿಗ್ ಯೋಳ್ದೆ?"

"ಲಚ್ಚಿಗೆ."

"ಅಂಗಾದ್ರೆ ಲಚ್ಚಿ ಕೇಳ್ಕತದೆ ಬುಡು," ಅಂತ ಒಳಗೆ ಹೋದರು. ಇಂಥವರ ಜೊತೆ ಸಂಸಾರ ಮಾಡಿದ್ದಕ್ಕೆ ಯಾರೂ ಶಾಲು ಹೊದಿಸುವುದಿಲ್ಲ.

ಆಮೇಲೆ ಕೆ.ಆರ್.ಪೇಟೆಯ ನಾರಾಯಣದುರ್ಗ. ಬೀಗರ ಸಿಮ್ಮು. ಬೀಗರು ಮಾಕವಳ್ಳಿಯವರು, ನಮ್ಮ ಮಗಳ ಮಾವ. ಬೀಗರೂ ಬರುತ್ತೇನೆ ಅಂತ ಇವರ ಜೊತೆಗೆ ಹತ್ತಿದರು. ಅವರದ್ದು ದೊಡ್ಡ ಹೊಟ್ಟೆ, ದುರ್ಗದ್ದು ಕಡಿದಾದ ಬಂಡೆ. ಅರ್ಧ ದಾರಿಯಲ್ಲಿ ಕುಳಿತುಬಿಟ್ಟರು. ಇವರು ಮೇಲಿನಿಂದ ಲಚ್ಚಿಗೆ ಫೋನು ಮಾಡಿದರೆ ಸಿಗಲಿಲ್ಲ. ಕೆಳಗೆ ಕುಳಿತಿದ್ದ ಬೀಗರಿಗೆ ಮಾತ್ರ ಚೆನ್ನಾಗಿ ಸಿಕ್ಕಿತು. ಬೀಗರೇ ಅಲ್ಲಿಂದ ತಮ್ಮ ಇನ್ನೊಂದು ಫೋನಿನಲ್ಲಿ ನಮ್ಮ ಮನೆಗೆ ಮಾಡಿ, ಎರಡು ಫೋನಿನ ಬಾಯಿಯನ್ನೂ ಜೋಡಿಸಿ ಹಿಡಿದು, ಗಂಡನ ಮಾತನ್ನು ಹಸುವಿಗೆ ತಲುಪಿಸಿದರು. ನಡುನಡುವೆ ಬೀಗರ ಏದುಸಿರು. ಲಚ್ಚಿ ಹೆದರಿ ಸಗಣಿ ಹಾಕಿತು. ಆ ಸಿಮ್ಮು ಅಲ್ಲಿಗೆ ಮುಗಿಯಿತು.

ನಾಗಮಂಗಲದ ಕಡೆಯ ಕೋಟೆಬೆಟ್ಟಕ್ಕೆ ಮತ್ತೆ ಡೈರಿ ಸಿಮ್ಮು ಹಾಕಿಕೊಂಡು ಹೋಗಿ, ಅಲ್ಲಿಯೂ ಸಿಕ್ಕಿತು ಅಂತ ಗೆದ್ದುಕೊಂಡು ಬಂದರು. ಇದೇ ಗಟ್ಟಿ ಅಂತ ತೀರ್ಮಾನವಾಯಿತು. ಪಟ್ಟಣದ ಮೊಬೈಲ್ ಅಂಗಡಿಗೆ ಹೋಗಿ, "ಇದ್ಕೆ ನೇಪಾಳಕ್ಕಾಗೋವಷ್ಟು ಕರೆನ್ಸಿ ಹಾಕಪ್ಪ" ಅಂದರು. ಸೊಸೆ, ನಾನು ಇಬ್ಬರೂ ಜೊತೆಗಿದ್ದೆವು.

ಅಂಗಡಿಯವನು ನಕ್ಕ. "ಯಜಮಾನ್ರೆ, ಅದು ಬೇರೆ ದೇಸ. ಗಡಿ ದಾಟುದ್ಮೇಲೆ ನಮ್ ಟವರು ಒಂದೂ ಇರಾಕಿಲ್ಲ. ಅಲ್ಲೇ ಓಗಿ ಅವ್ರ್ ಸಿಮ್ಮು ತಗಬೇಕು."

"ಅಂಗಾದ್ರೆ ನಾನು ಬೆಟ್ಟ ಅತ್ತಿದ್ದು?"

"ಮಂಡಿಗೆ ಒಳ್ಳೇದು," ಅಂದ.

ಇವರು ಫೋನನ್ನು ಜೇಬಿಗೆ ಹಾಕಿಕೊಂಡು ಹೊರಟರು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತರು. ಆಸೆ ಬಿಟ್ಟರು ಅಂತ ನನಗೆ ಗೊತ್ತಾಯಿತು. ಸಂಜೆ ಕೊಟ್ಟಿಗೆಯಲ್ಲಿ ಲಚ್ಚಿಗೆ, "ಬ್ಯಾಡ ಬುಡು, ಬಿಳೀ ಕಲ್ಲು ನೋಡಾಕೆ ಅಷ್ಟು ದೂರ ಓಗ್ಬೇಕಾ" ಅಂತ ಹೇಳುತ್ತಿದ್ದರು. ನನಗೆ ಸಿಟ್ಟು ಬಂತು. ಕೆಚ್ಚಲ ಕಡೆ ಮುಖ ಮಾಡಿಯೇ ಲಚ್ಚಿಗೆ ಹೇಳಿದೆ, "ಓಗಿ ಮುಟ್ಟಿ ನೋಡ್ಕಂಡ್ ಬಂದು ಬಾಯ್ ಮುಚ್ಕಳಾಕೆ ಯೋಳೆ. ಅಲ್ಲಿ ಮನುಸ್ರಿಲ್ವಾ? ಅವ್ರೂ ಫೋನ್ ಮಾಡಾಕಿಲ್ವಾ?"

ಮಾರನೆಯ ದಿನ ಬೆಳಿಗ್ಗೆ ಇವರು ಉಣ್ಣೆ ಟೋಪಿ ಕೊಳ್ಳಲು ಹೋದರು.

ಹೊರಟರು. ರೈಲಿನಲ್ಲಿರುವಷ್ಟು ದಿನ ಡೈರಿ ಸಿಮ್ಮು ಚೆನ್ನಾಗಿ ನಡೆಯಿತು. ಗಡಿ ದಾಟಿದ ಊರಿನಲ್ಲಿ ಸಿಮ್ಮು ಕೊಳ್ಳಲು ನಿಂತರು. ಅಲ್ಲಿ ಎರಡು ಕಂಪನಿಯವು ಇದ್ದವಂತೆ. ಅಂಗಡಿಯವನು ಒಂದನ್ನು ತೋರಿಸಿ, ಬೆಟ್ಟಕ್ಕೆ ಹೋಗುವವರು ಇದನ್ನೇ ತೆಗೆದುಕೊಳ್ಳಿ ಅಂದನಂತೆ. ಇವರು ತಮ್ಮ ಹರಕು ಹಿಂದಿಯಲ್ಲಿ, ನೀನು ಹಸು ಕಟ್ಟಿದ್ದೀಯಾ ಅಂತ ಕೇಳಿದರಂತೆ. ಇಲ್ಲ ಅಂದ. ಮುಗಿಯಿತಲ್ಲ. ಪಕ್ಕದ ಊಟದ ಮನೆಯವನು ಎಮ್ಮೆ ಕಟ್ಟಿದ್ದ. ಅವನ ಫೋನಿನಲ್ಲಿದ್ದದ್ದು ಇನ್ನೊಂದು ಕಂಪನಿಯದ್ದು. ಅದನ್ನೇ ಕೊಂಡರು. ಭಜನೆ ಮೇಳದವರೆಲ್ಲ ಅಂಗಡಿಯವನ ಮಾತು ಕೇಳಿದರೆ ಇವರೊಬ್ಬರು ಎಮ್ಮೆಯ ಕಡೆ.

ಆ ದೇಶದ ಗಡಿಯಾರ ನಮ್ಮದಕ್ಕಿಂತ ಕಾಲು ಗಂಟೆ ಮುಂದಂತೆ. ಫೋನಿನ ಗಡಿಯಾರ ತಾನಾಗಿಯೇ ಮುಂದೆ ಹೋದದ್ದನ್ನು ನೋಡಿ ಇವರು ಸಿಮ್ಮಿನವರು ಕಾಲು ಗಂಟೆ ಕದ್ದರು ಅಂತ ಕೂಗಾಡಿದರು. ತಿಳಿಸಿ ಹೇಳಿದ ಮೇಲೂ ಒಪ್ಪಲಿಲ್ಲ. "ಲಚ್ಚಿ ಅರಕೆರೆ ಟೈಮಿಗೆ ಆಲು ಬುಡ್ತದೆ" ಅಂತ ಕೈಗಡಿಯಾರವನ್ನು ಹಾಗೇ ಇಟ್ಟುಕೊಂಡರು. ಮೇಳದವರ ಬಸ್ಸು ದಿನಾ ಇವರಿಗಾಗಿ ಕಾಲು ಗಂಟೆ ಕಾಯುತ್ತಿತ್ತು. ಮೂರನೆಯ ದಿನದಿಂದ ಅವರು ಹೊರಡುವ ಹೊತ್ತನ್ನು ಇವರಿಗೆ ಸುಳ್ಳು ಹೇಳಲು ಶುರುಮಾಡಿದರು.

ಎಮ್ಮೆಯವನ ಸಿಮ್ಮು ಊರೂರಿನಲ್ಲೂ ಗಂಟೆ ಹೊಡೆದ ಹಾಗೆ ಕೇಳಿಸಿತು. ಲಚ್ಚಿಗೆ ಕೆರೆಯ ಸುದ್ದಿ, ದೋಣಿಯ ಸುದ್ದಿ, ಅನ್ನದ ಜೊತೆ ಕೊಡುವ ನೀರು ಬೇಳೆಯ ಸುದ್ದಿ. "ರಾತ್ರಿ ಮಾತ್ರೆ ನುಂಗವ್ಳಾ ಕೇಳು" ಅಂತ ಲಚ್ಚಿಗೆ ಒಂದು ಅಪ್ಪಣೆ. ನುಂಗಿದ್ದೇನೆ ಅಂತ ನಾನು ಕೆಚ್ಚಲಿಗೆ ಹೇಳಿದೆ. ನಾಳೆ ಮೇಲಕ್ಕೆ ಹತ್ತುತ್ತೇವೆ ಅಂದರು.

ಆ ಸಂಜೆ ಫೋನು ಬರಲಿಲ್ಲ.

ಸೊಸೆ ಕೊಟ್ಟಿಗೆಯಲ್ಲಿ ಫೋನು ಹಿಡಿದು ನಿಂತೇ ಇದ್ದಳು. ಹೊತ್ತು ಮೀರುತ್ತಿತ್ತು. ಡೈರಿ ಮುಚ್ಚಿಬಿಡುತ್ತಾರೆ ಅಂತ ನಾನು ದೇವರ ಮೇಲೆ ಭಾರ ಹಾಕಿ ಕುಳಿತೆ. ಲಚ್ಚಿ ಹಾಲು ಬಿಟ್ಟಿತು. ಎಂದಿನಷ್ಟೇ ಬಿಟ್ಟಿತು. ಮೆಲುಕು ಹಾಕುತ್ತಾ, ಗಂಡನೂ ಬೇಡ ಟವರೂ ಬೇಡ ಅನ್ನುವ ಹಾಗೆ ನಿಂತಿತ್ತು.

"ಅತ್ತೆ," ಅಂದಳು ಸೊಸೆ, "ಬುಟ್ತಲ್ಲ."

"ಬಾಯ್ ಮುಚ್ಕ," ಅಂದೆ.

ಬೆಳಿಗ್ಗೆಯೂ ಫೋನಿಲ್ಲ. ಬೆಳಿಗ್ಗೆಯೂ ಹಾಲು ಬಂತು. ಮೇಳದ ಬೇರೆಯವರ ಮನೆಗಳಿಗೆಲ್ಲ ಫೋನು ಬಂದಿದೆ, ಎಲ್ಲರೂ ಸುಖವಾಗಿದ್ದಾರೆ ಅಂತ ಸೊಸೆ ಕೇಳಿಕೊಂಡು ಬಂದಳು. ಇವರು? ಇವರು ಹಿಂದಿನ ಜೀಪಿನಲ್ಲಿದ್ದಾರಂತೆ, ಇನ್ನೂ ಬಂದಿಲ್ಲವಂತೆ, ದಾರಿಯಲ್ಲಿ ಎಲ್ಲೋ ಮಣ್ಣು ಕುಸಿದು ನಿಲ್ಲಿಸಿದ್ದಾರಂತೆ. ನಾನೇನೂ ಹೆದರಲಿಲ್ಲ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ, ಅದು ಬೇರೆ ಮಾತು. ಬೆಳಗಿನ ಕಾಫಿ ಲೋಟದಲ್ಲೇ ಕೆನೆಗಟ್ಟಿತ್ತು. ಹಸುವಿಗೆ ಏನೂ ಆಗಿರಲಿಲ್ಲ.

ಸೊಸೆ ಫೋನನ್ನು ನನ್ನ ಕೈಗಿಟ್ಟು, ಮೇಳದವರ ಮನೆಯಲ್ಲಿ ಇನ್ನೊಮ್ಮೆ ಕೇಳಿ ಬರುತ್ತೇನೆ ಅಂತ ಹೋದಳು. ಲಚ್ಚಿಯನ್ನು ಆಚೆ ಬದುವಿನ ಹತ್ತಿರ ಕಟ್ಟಿ ಬಂದು ನಾನು ಕೊಟ್ಟಿಗೆಯ ಸಗಣಿ ಬಾಚುತ್ತಿದ್ದೆ. ಫೋನು ಬಡಿದುಕೊಂಡಿತು. ಎಂದೂ ಕಾಣದ ಉದ್ದದ್ದೊಂದು ನಂಬರು. ಗೊತ್ತಿಲ್ಲದ ನಂಬರು ಎತ್ತಿದರೆ ಕಳ್ಳರು ಬ್ಯಾಂಕಿನ ದುಡ್ಡು ಎಳೆದುಕೊಳ್ಳುತ್ತಾರೆ ಅಂತ ಸೊಸೆ ಹೇಳಿಟ್ಟಿದ್ದಳು. ಎಳೆದುಕೊಳ್ಳಲಿ ಅಂತ ಎತ್ತಿದೆ.

ಯಾವುದೋ ದನದ ಕೊರಳ ಗಂಟೆ ಕೇಳಿಸಿತು. ಆಮೇಲೆ ಇವರ ದನಿ.

"ಯಾರು, ಸೊಸೆನಾ?"

"ನಾನು."

ಇವರು ಗಲಿಬಿಲಿಯಾದರು. ಫೋನಿನಲ್ಲಿ ನನ್ನ ಜೊತೆ ನೇರವಾಗಿ ಮಾತಾಡಿ ಗೊತ್ತಿಲ್ಲ ಅವರಿಗೆ. "ದಾರಿ ಬಿದ್ದೋಗಿತ್ತು. ನಡ್ಕಂಡ್ ಬಂದೊ. ಎಮ್ಮೆಯವ್ನ್ ಸಿಮ್ಮು ಇಲ್ಲಿ ಸತ್ತೋಯ್ತು ಕಣಮ್ಮಿ. ಇಲ್ಲೊಬ್ಳು ಎಂಗ್ಸು ಟೀ ಕಾಯುಸ್ತಾಳೆ, ದನ ಕಟ್ಟವ್ಳೆ. ಅವ್ಳ್ ಫೋನು ಇದು. ಕೇಳ್ದೇಟ್ಗೆ ಕೊಟ್ಲು." ಉಸಿರು ತೆಗೆದುಕೊಂಡರು. "ಲಚ್ಚಿ ಆಲು ಬುಡ್ತಾ?"

ಬಕೆಟ್ಟು ತುಂಬ ಬಿಟ್ಟಿತು ಅಂತ ನಿಜ ಹೇಳಬಹುದಿತ್ತು. ಹೇಳಿದರೆ ಮುಂದೆ ಯಾಕೆ ಫೋನು ಮಾಡುತ್ತಾರೆ?

"ಎಲ್ಲಿ ಬುಡ್ತು," ಅಂದೆ. "ತೊಟ್ಟೂ ಇಲ್ಲ."

"ನಂಗೊತ್ತಿತ್ತು," ಅಂದರು. ದನಿಯಲ್ಲಿ ದುಃಖವೂ ಇತ್ತು, ಏನೋ ಗೆದ್ದ ಹಾಗೂ ಇತ್ತು. "ಅದ್ರ ಕಿವಿಗಿಡಿ."

ಕೊಟ್ಟಿಗೆ ಖಾಲಿ. ಲಚ್ಚಿ ದೂರದ ಬದುವಿನಲ್ಲಿ ಬಾಲ ಬೀಸುತ್ತಾ ಹುಲ್ಲು ಮೇಯುತ್ತಿತ್ತು.

"ಇಡ್ದೆ," ಅಂದೆ. ಫೋನನ್ನು ನನ್ನ ಕಿವಿಗೇ ಒತ್ತಿಕೊಂಡೆ.

"ಲಚ್ಚಿ, ಕಲ್ಲಲ್ಲ ಕಣೆ ಅದು," ಅಂದರು. "ಮುಟ್ದೆ. ಹಿಮವೇ. ಕೈ ಬೆಂದೋದಂಗಾಯ್ತು. ನಮ್ ಮಾತು ಸುಳ್ಳಾಯ್ತು, ಆಗ್ಲಿ ಬುಡು. ಒಬ್ನೇ ನೋಡದು ಚೆಂದಿಲ್ಲ ಕಣೆ. ಆವತ್ತು ಕುಂತಿಬೆಟ್ಟದ್ಮೇಲೆ ಯೋಳಾಕ್ ಬಂದೆ, ಕಟ್ಟಾಗೋಯ್ತು. ಅವಳ್ಗೆ ಯೋಳು. ಒಂದ್ಸಲ ಅವಳೂ ಬರ್ಲಿ, ಇಬ್ರೂ ಓಗನ. ನಿನ್ನ ಒಳ್ಳೇರ್ ಮನೆ ನೋಡಿ ಕೊಟ್ಬುಡ್ತೀನಿ. ನೀನು ಬ್ಯಾಸ್ರ ಮಾಡ್ಕಬ್ಯಾಡ. ಅವ್ಳು ಎಲ್ಗೂ ಓಗ್ಲೇ ಇಲ್ಲ, ನಿಮ್ ಕೆಚ್ಚಲ್ ಕೆಳ್ಗೇ ಕೂತ್ಕಂಡು ಮುದುಕಿ ಆಗೋದ್ಲು."

ಗಂಟೆ ಮತ್ತೆ ಅಲ್ಲಾಡಿತು. ಆ ಹೆಂಗಸು ಏನೋ ಅಂದಳು, ಇವರು ಒಂದು ನಿಮಿಷ ಅಂತ ಕನ್ನಡದಲ್ಲೇ ಹೇಳಿದರು.

"ಕೇಳುಸ್ತಾ ಲಚ್ಚಿ?"

ನಾನು ಏನು ಹೇಳಲಿ? ನನ್ನ ದನಿ ತೆಗೆದರೆ ನಾನಾಗಿಬಿಡುತ್ತೇನೆ. ಸುತ್ತ ಯಾರೂ ಇಲ್ಲ ಅಂತ ನೋಡಿಕೊಂಡು, ಮೂಗಿನಿಂದ ಹಸುವಿನ ಹಾಗೆ ಬುಸ್ಸಂತ ಉಸಿರು ಬಿಟ್ಟೆ.

"ಊಂ," ಅಂದರು ಇವರು. "ಕೇಳುಸ್ತು."